ಸಮಾಧಿಗಳು ಸಾಕಿದ ಮರಗಳು

“ಸ್ಮಶಾನಕ್ಕೆ ಯಾರಾದ್ರೂ ಹೂವು ನೋಡೋಕೆ ಹೋಗ್ತಾರೇನೋ?” ಎಂಬುದು ಅತ್ತೆಯ ತಕರಾರು. ಸೋದರಳಿಯ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ನೆಲೆಸಿರುವ ಆತನಿಗೆ ಮೇ ತಿಂಗಳು ಬಂತೆಂದರೆ ಮೌಂಟ್ ಆಬರ್ನ್ ಸ್ಮಶಾನದ ದಾರಿ ಹಿಡಿಯುವುದು ರೂಢಿ. ಅತ್ತೆ ಶಿವಮೊಗ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಹೊಸ ಎಲೆ ಕಂಡರೆ ತಿರುವಿ ನೋಡದೆ ಮುಂದೆ ಹೋಗುವವರಲ್ಲ. ಅದನ್ನು ನಂಬಿಯೇ ಆತ ಅವರನ್ನು ಹೊರಡಿಸಿದ್ದ.

ಹೆಬ್ಬಾಗಿಲು ನೋಡಿ ಅತ್ತೆ ಹುಬ್ಬೇರಿಸಿದರು. ಬೂದು ಗ್ರಾನೈಟಿನ ಭಾರೀ ಕಟ್ಟಡ, ನೆತ್ತಿಯಲ್ಲಿ ರೆಕ್ಕೆ ಬಿಚ್ಚಿದ ಸೂರ್ಯಬಿಂಬ.

“ಇದೇನೋ, ಈಜಿಪ್ಟಿನ ಗುಡಿ ಇದ್ದ ಹಾಗಿದೆ! ಕ್ರೈಸ್ತರ ಸ್ಮಶಾನ ಅಂದ್ಯಲ್ಲ?”

“ಕ್ರೈಸ್ತರೇ ಹೆಚ್ಚು ಅತ್ತೆ. ಆದ್ರೆ ಇದು ಯಾವ ಚರ್ಚಿಗೂ ಸೇರಿದ್ದಲ್ಲ. ಮಾಡಿದ್ದು ಇಲ್ಲಿನ ತೋಟಗಾರಿಕೆ ಸಂಘದವರು.”

“ಫಲಪುಷ್ಪ ಪ್ರದರ್ಶನ ಮಾಡೋರು ಸ್ಮಶಾನ ಮಾಡಿದ್ರಾ?”

ಹೌದು, ಮಾಡಿದ್ದು ಅವರೇ. 1820ರ ದಶಕದ ಬಾಸ್ಟನ್‌ನಲ್ಲಿ ಸತ್ತವರಿಗೆ ಜಾಗವಿರಲಿಲ್ಲ. ಊರ ನಡುವಿನ ಹಳೆಯ ಸ್ಮಶಾನಗಳು ಹದಿನೇಳನೇ ಶತಮಾನದವು. ಒಬ್ಬರ ಮೇಲೊಬ್ಬರನ್ನು ಹೂಳಿ ನೆಲ ತುಂಬಿಹೋಗಿತ್ತು. ಚರ್ಚುಗಳ ನೆಲಮಾಳಿಗೆಯಲ್ಲೂ ಹೂಳುತ್ತಿದ್ದರು. ಅಲ್ಲಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಮೂಲ ಎಂಬುದು ಆ ಕಾಲದ ವೈದ್ಯರ ನಂಬಿಕೆ. ಜೇಕಬ್ ಬಿಗೆಲೋ ಎಂಬ ವೈದ್ಯ 1825ರಲ್ಲಿ ಕೆಲವು ಗೆಳೆಯರನ್ನು ಮನೆಗೆ ಕರೆದು, ಊರಾಚೆ ಮರಗಳ ನಡುವೆ ಒಂದು ಸ್ಮಶಾನ ಮಾಡಿದರೆ ಹೇಗೆ ಎಂದು ಕೇಳಿದ. ಈತ ಬರೀ ವೈದ್ಯನಲ್ಲ, ಅಮೆರಿಕದ ಔಷಧ ಸಸ್ಯಗಳ ಬಗ್ಗೆ ಬಣ್ಣದ ಚಿತ್ರಗಳ ದೊಡ್ಡ ಗ್ರಂಥ ಬರೆದ ಸಸ್ಯಶಾಸ್ತ್ರಜ್ಞ. ಪ್ಯಾರಿಸ್‌ನಲ್ಲಿ 1804ರಲ್ಲಿ ತೆರೆದ ಪೇರ್ ಲಾಶೇಸ್ ಮಾದರಿಯಾಗಿ ಕಣ್ಣೆದುರಿಗಿತ್ತು. ಆದರೆ ದುಡ್ಡೂ ಇರಲಿಲ್ಲ, ಜಾಗವೂ ಇರಲಿಲ್ಲ. 1829ರಲ್ಲಿ ಮ್ಯಾಸಚೂಸೆಟ್ಸ್ ತೋಟಗಾರಿಕೆ ಸಂಘ ಹುಟ್ಟಿತು. ಅದಕ್ಕೆ ಪ್ರಯೋಗದ ತೋಟಕ್ಕೆ ಜಾಗ ಬೇಕಿತ್ತು, ಬಿಗೆಲೋಗೆ ಸ್ಮಶಾನಕ್ಕೆ ಜಾಗ ಬೇಕಿತ್ತು. ಇಬ್ಬರೂ ಕೈ ಜೋಡಿಸಿದರು.

“ಲೆಕ್ಕ ಕೇಳಿ, ಚೆನ್ನಾಗಿದೆ” ಎಂದ ಅಳಿಯ. “72 ಎಕರೆ ಕಾಡಿನ ಬೆಲೆ 6,000 ಡಾಲರ್. ಒಂದು ಕುಟುಂಬಕ್ಕೆ 300 ಚದರ ಅಡಿ, 60 ಡಾಲರ್. ನೂರು ಕುಟುಂಬ ಮುಂದೆ ಬಂದ್ರೆ ಜಮೀನು ಕೈಗೆ ಬಂತು.”

“ಸೈಟ್ ಹಂಚೋ ಸೊಸೈಟಿ ಇದ್ದ ಹಾಗೆ!”

“ಅದೇ. 1831ರ ಜೂನ್‌ನಲ್ಲಿ ಶಾಸನಸಭೆ ಕಾಯ್ದೆ ಮಾಡ್ತು. ಸೆಪ್ಟೆಂಬರ್ 24ಕ್ಕೆ ಪ್ರತಿಷ್ಠಾಪನೆ.”

“ಆಗ 60 ಡಾಲರ್ ಅಂದ್ರೆ?”

“ಕೂಲಿಯವನಿಗೆ ದಿನಕ್ಕೆ ಒಂದು ಡಾಲರ್ ಸಿಕ್ಕಿದ್ರೆ ಹೆಚ್ಚು.”

“ಅಂದ್ರೆ ಎರಡು ತಿಂಗಳ ದುಡಿಮೆ. ಎಲ್ಲ ಜಾತಿಗೂ ತೆರೆದ ಬಾಗಿಲು, ಎಲ್ಲ ಜೇಬಿಗೂ ಅಲ್ಲ ಅನ್ನು.”

ಅಳಿಯ ವಾದಿಸಲಿಲ್ಲ. ಈ ಮಾತು ಮೌಂಟ್ ಆಬರ್ನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುವಂಥದ್ದು. ಮೊದಲ ಸಾಲಿನಲ್ಲೇ ಹೇಳಬೇಕಾದ ಮಾತು ಅದು.

ಹೆಬ್ಬಾಗಿಲು ದಾಟಿದ ಸ್ವಲ್ಪ ಹೊತ್ತಿಗೆ ಅತ್ತೆಯ ತಕರಾರು ನಿಂತೇಹೋಯಿತು. ದಾರಿಯ ಅಂಚಿನಲ್ಲಿ ಡಾಗ್‌ವುಡ್ ಮರ ಮೈತುಂಬ ಬಿಳಿಯಾಗಿತ್ತು. ಅವರು ಚಪ್ಪಲಿ ಹುಲ್ಲಿಗಿಳಿಸಿ, ಬಾಗಿದ ಕೊಂಬೆಯನ್ನು ಕಣ್ಣ ಮಟ್ಟಕ್ಕೆ ಹಿಡಿದರು. ನಾಲ್ಕು ಬಿಳಿ ಎಸಳು. ಪ್ರತಿ ಎಸಳಿನ ತುದಿಯಲ್ಲೂ ಉಗುರಿನಿಂದ ಚಿವುಟಿದಂಥ ಒಂದು ಕಚ್ಚು, ಅದರ ಸುತ್ತ ಕಂದು ಕಲೆ. ನಡುವೆ ಹಸಿರು ಹಳದಿಯ ಪುಟ್ಟ ಗುಂಡಿಗಳ ಗೊಂಚಲು.

“ಈ ಬಿಳಿದು ಹೂವಲ್ಲ, ಗೊತ್ತಾ? ಹೂವು ಈ ನಡುವಿನ ಸಾಸಿವೆ ಕಾಳುಗಳು. ಬಿಳಿ ಎಸಳು ಬರೀ ಬ್ರ್ಯಾಕ್ಟ್, ಬಣ್ಣ ಕಟ್ಟಿಕೊಂಡ ಎಲೆ. ನಮ್ಮ ಕಾಗದದ ಹೂವಿನ ಗಿಡದಲ್ಲೂ ಇದೇ ಆಟ.”

ಕೊಂಬೆಗೆ ಕಟ್ಟಿದ ಪುಟ್ಟ ಫಲಕದಲ್ಲಿ ಲ್ಯಾಟಿನ್ ಹೆಸರಿತ್ತು. ಇಲ್ಲಿ ಐದು ಸಾವಿರಕ್ಕೂ ಹೆಚ್ಚು ಮರಗಳಿವೆ, ಅವಕ್ಕೆಲ್ಲ ದಾಖಲೆಯಿದೆ. ಈಗಿನ ವಿಸ್ತೀರ್ಣ ಸುಮಾರು 175 ಎಕರೆ. 240 ಎಕರೆಯ ನಮ್ಮ ಲಾಲ್‌ಬಾಗಿಗಿಂತ ಚಿಕ್ಕದು. ಹಾದಿಗಳಿಗೂ ಮರಗಿಡಗಳದೇ ಹೆಸರು: ಸ್ಪ್ರೂಸ್, ವಾಲ್ನಟ್, ಬೀಚ್. ಗುಡ್ಡದ ತಿರುವುಗಳನ್ನು ಅನುಸರಿಸಿ ಹಾದಿ ಹಾಕಿದ್ದರಿಂದ ಒಂದೇ ಒಂದು ನೇರ ರಸ್ತೆ ಸಿಗುವುದು ಕಷ್ಟ. ಹೊಸಬರು ದಾರಿ ತಪ್ಪದೆ ಹೊರಬರುವುದೂ ಕಷ್ಟ.

ಮುಂದಿನ ತಿರುವಿನಲ್ಲಿ ಹತ್ತಿಪ್ಪತ್ತು ಜನ ಕತ್ತೆತ್ತಿ, ದುರ್ಬೀನು ಹಿಡಿದು ಸ್ತಬ್ಧರಾಗಿ ನಿಂತಿದ್ದರು.

ಅತ್ತೆ ದನಿ ತಗ್ಗಿಸಿ ಕೇಳಿದರು: “ಏನೋ ಇದು, ಮೇಲೆ ಹೋದವರನ್ನ ಹುಡುಕ್ತಿದ್ದಾರಾ?”

ಅವರು ಹುಡುಕುತ್ತಿದ್ದದ್ದು ವಾರ್ಬ್ಲರ್‌ಗಳನ್ನು. ಹೆಬ್ಬೆರಳಷ್ಟೇ ಇರುವ ಈ ಹಕ್ಕಿಗಳು ಚಳಿಗಾಲವನ್ನು ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಉತ್ತರದ ಕಾಡುಗಳಿಗೆ ಹೊರಡುತ್ತವೆ. ರಾತ್ರಿಯೆಲ್ಲ ಹಾರಿ ಬೆಳಗಿನ ಜಾವ ಕೆಳಗೆ ನೋಡಿದರೆ ಕಣ್ಣಿಗೆ ಬೀಳುವುದು ಬಾಸ್ಟನ್ ನಗರದ ಕಾಂಕ್ರೀಟು. ಅದರ ನಡುವಿನ ಹಸಿರು ತುಂಡು ಇದು. ಓಕ್ ಮರಗಳು ಚಿಗುರುವ ಹೊತ್ತಿಗೇ ಚಿಗುರು ತಿನ್ನುವ ಹುಳುಗಳು ಹುಟ್ಟುತ್ತವೆ, ಹುಳು ಹುಟ್ಟುವ ಹೊತ್ತಿಗೇ ಹಕ್ಕಿಗಳು ಇಳಿಯುತ್ತವೆ. ಬರೀ ಹುಲ್ಲುಹಾಸಿನ ಸ್ಮಶಾನವಾಗಿದ್ದರೆ ಅವು ಇಲ್ಲಿ ಇಳಿಯುತ್ತಲೇ ಇರಲಿಲ್ಲ.

“ಆಗಿನ ಕಾಲದಲ್ಲೂ ಜನ ಹೀಗೇ ಬರ್ತಿದ್ರಾ?”

“ಇದಕ್ಕಿಂತ ಹೆಚ್ಚು. ಆಗ ಅಮೆರಿಕದಲ್ಲಿ ಸಾರ್ವಜನಿಕ ಪಾರ್ಕು ಅನ್ನೋದೇ ಇರಲಿಲ್ಲ ಅಂತಿಟ್ಕೊಳ್ಳಿ. ಭಾನುವಾರ ಬಂತು ಅಂದ್ರೆ ಊರೆಲ್ಲ ಇಲ್ಲಿ. ಗಲಾಟೆ ತಡೆಯೋಕಾಗದೆ, ಜಾಗ ಕೊಂಡವರು ಮಾತ್ರ ಗಾಡಿ ಒಳಗೆ ತರಬಹುದು, ಉಳಿದವರು ನಡ್ಕೊಂಡು ಬನ್ನಿ ಅಂತ ನಿಯಮ ಮಾಡಿದ್ರು.”

ಇದನ್ನು ನೋಡಿ ಫಿಲಡೆಲ್ಫಿಯಾದಲ್ಲಿ 1836ರಲ್ಲಿ ಲಾರೆಲ್ ಹಿಲ್, ಬ್ರೂಕ್ಲಿನ್‌ನಲ್ಲಿ 1838ರಲ್ಲಿ ಗ್ರೀನ್‌ವುಡ್ ಹುಟ್ಟಿದವು. ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಎಂಬ ಉದ್ಯಾನತಜ್ಞ 1849ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದ. ಸಮಾಧಿಗಳ ನಡುವೆ ತಿರುಗಾಡಲು ಜನ ಇಷ್ಟೊಂದು ಬರುತ್ತಾರೆಂದರೆ, ಸಮಾಧಿಯೇ ಇಲ್ಲದ ಉದ್ಯಾನ ಕೊಟ್ಟರೆ ಬರುವುದಿಲ್ಲವೇ? ಹತ್ತು ವರ್ಷ ತುಂಬುವುದರೊಳಗೆ ನ್ಯೂಯಾರ್ಕ್‌ನಲ್ಲಿ ಸೆಂಟ್ರಲ್ ಪಾರ್ಕಿನ ಕೆಲಸ ಶುರುವಾಗಿತ್ತು. ಅಮೆರಿಕದ ಉದ್ಯಾನಗಳಿಗೆ ಹಿರಿಯಕ್ಕ ಈ ಸ್ಮಶಾನ.

ಅತ್ತೆಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. “ತೋಟದೊಳಗೆ ಸಮಾಧಿ ಅನ್ನೋದು ಇವರೇ ಕಂಡುಹಿಡಿದ ಹಾಗೆ ಮಾತಾಡ್ಬೇಡ. ಶ್ರೀರಂಗಪಟ್ಟಣದ ಗುಂಬಜ್ ನೋಡಿಲ್ವಾ? ಹೈದರ್ ಸತ್ತಿದ್ದು 1782ರಲ್ಲಿ. ಟಿಪ್ಪು ಅಲ್ಲಿನ ಲಾಲ್‌ಬಾಗ್ ತೋಟದ ನಡುವೆ ಅದನ್ನ ಕಟ್ಟಿಸಿದ. ಆ ಕರಿಕಲ್ಲಿನ ಕಂಬ, ಸುತ್ತ ತೋಟ! ಇದಕ್ಕಿಂತ ಎಷ್ಟೋ ವರ್ಷ ಹಳೇದು.”

“ಅದು ರಾಜರದ್ದಲ್ವಾ ಅತ್ತೆ. ಅಲ್ಲಿ ಹೈದರ್, ಅವನ ಹೆಂಡತಿ, ಟಿಪ್ಪು. ಇಲ್ಲಿ ವ್ಯಾಪಾರಿ, ಮೇಷ್ಟ್ರು, ಮಂಜುಗಡ್ಡೆ ಮಾರೋನು.”

“ಮಂಜುಗಡ್ಡೆ ಮಾರೋನಾ?”

ನಥಾನಿಯಲ್ ವೈತ್ ಎಂಬಾತನ ಕತೆ ಭಾರತದವರು ತಿಳಿಯಬೇಕಾದ್ದು. ಸ್ಮಶಾನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಫ್ರೆಶ್ ಪಾಂಡ್ ಎಂಬ ಕೆರೆಯಿದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಕುದುರೆ ಕಟ್ಟಿ ಎಳೆಸುವ, ನೇಗಿಲಿನಂಥ ಒಂದು ಸಲಕರಣೆ ಮಾಡಿ ಮಂಜನ್ನು ಒಂದೇ ಅಳತೆಯ ಇಟ್ಟಿಗೆಗಳಾಗಿ ಕೊಯ್ಯಬಹುದೆಂದು 1820ರ ದಶಕದಲ್ಲಿ ತೋರಿಸಿಕೊಟ್ಟವನು ವೈತ್. ಆ ಮಂಜನ್ನು ಮರದ ಹೊಟ್ಟಿನಲ್ಲಿ ಹೂತು ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಕಲ್ಕತ್ತೆಗೆ ಹಡಗಿನಲ್ಲಿ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಸಮಭಾಜಕ ವೃತ್ತ ದಾಟಿ. ಅರ್ಧಕ್ಕಿಂತ ಹೆಚ್ಚು ಮಂಜು ಕರಗದೆ ಬಂದಿಳಿಯಿತು! ಮದ್ರಾಸಿನ ಕಡಲ ದಂಡೆಯ ಐಸ್‌ಹೌಸ್ ಈ ವ್ಯಾಪಾರಕ್ಕೆಂದೇ 1842ರಲ್ಲಿ ಕಟ್ಟಿದ್ದು. 1897ರಲ್ಲಿ ಅಮೆರಿಕದಿಂದ ಮರಳಿದ ವಿವೇಕಾನಂದರು ಉಳಿದುಕೊಂಡದ್ದೂ ಅದೇ ಕಟ್ಟಡದಲ್ಲಿ.

“ಮೈಲಾಪುರದ ನಮ್ಮ ಅಕ್ಕನ ಮನೆಗೆ ಹೋದಾಗ್ಲೆಲ್ಲ ಆ ಕಟ್ಟಡ ನೋಡಿದೀನಿ. ಅದರ ಮಂಜು ಈ ಊರಿನ ಕೆರೆದಾ!”

ಅಲ್ಲಿಂದ ಮುಂದೆ ಅತ್ತೆಯೇ ಮುಂದಾಳು. ಏಸಾ ಗ್ರೇ ಸಮಾಧಿ ನೋಡಲೇಬೇಕೆಂದು ಹಟ ಹಿಡಿದರು. ಅಮೆರಿಕದ ಸಸ್ಯಶಾಸ್ತ್ರಕ್ಕೆ ತಳಪಾಯ ಹಾಕಿದ ಹಾರ್ವರ್ಡ್ ಪ್ರಾಧ್ಯಾಪಕ ಗ್ರೇ. ಡಾರ್ವಿನ್ ತನ್ನ ಸಿದ್ಧಾಂತವನ್ನು ಲೋಕಕ್ಕೆ ಹೇಳುವ ಮೊದಲೇ 1857ರಲ್ಲಿ ಪತ್ರದಲ್ಲಿ ವಿವರಿಸಿದ ಕೆಲವೇ ಕೆಲವರಲ್ಲಿ ಒಬ್ಬ. ದಾರಿಯಲ್ಲಿ ಎತ್ತರದ ಟ್ಯುಲಿಪ್ ಮರವೊಂದು ಸಿಕ್ಕಿತು. ಉದುರಿದ್ದ ಎಲೆಯೊಂದನ್ನು ಅತ್ತೆ ಎತ್ತಿಕೊಂಡರು. ಎಲೆಯ ತುದಿ ಚೂಪಾಗದೆ, ಕತ್ತರಿಯಿಂದ ಅಡ್ಡ ಕತ್ತರಿಸಿದಂತಿತ್ತು.

“ಇದು ನಮ್ಮ ಸಂಪಿಗೆ ಕುಟುಂಬದ್ದು. ಟ್ಯುಲಿಪ್ ಮರದಲ್ಲಿ ಪ್ರಪಂಚದಲ್ಲಿ ಇರೋದೇ ಎರಡು ಜಾತಿ. ಒಂದು ಇಲ್ಲಿ, ಅಮೆರಿಕದ ಪೂರ್ವಕ್ಕೆ. ಇನ್ನೊಂದು ಎಲ್ಲಿ ಗೊತ್ತಾ? ಚೀನಾದಲ್ಲಿ. ನಡುವೆ ಅರ್ಧ ಭೂಮಿ ಖಾಲಿ. ಜಪಾನಿನ ಗಿಡಗಳಿಗೂ ಇಲ್ಲಿನ ಗಿಡಗಳಿಗೂ ಯಾಕೆ ಇಷ್ಟು ಹೋಲಿಕೆ ಅಂತ 1859ರಲ್ಲಿ ಬರೆದವನು ಗ್ರೇ. ಒಂದು ಕಾಲದಲ್ಲಿ ಒಂದೇ ಕಾಡು ಉತ್ತರದಲ್ಲೆಲ್ಲ ಹಬ್ಬಿತ್ತು, ಹಿಮಯುಗ ಅದನ್ನ ತುಂಡು ಮಾಡ್ತು ಅಂತ ಅವನ ವಾದ.”

“ಹಿಮಯುಗದ ಯಜಮಾನರೂ ಇಲ್ಲೇ ಇದ್ದಾರೆ, ಬನ್ನಿ.”

ಲೂಯಿ ಅಗಾಸಿಯ ಸಮಾಧಿಗೆ ಕೆತ್ತಿದ ಕಲ್ಲಿಲ್ಲ. ಸ್ವಿಟ್ಜರ್‌ಲೆಂಡಿನ ಆರ್ ಹಿಮನದಿಯಿಂದ ತಂದ ಒರಟು ಬಂಡೆಯೊಂದೇ ಇದೆ. ಹಿಮನದಿಗಳು ಒಮ್ಮೆ ಖಂಡಗಳನ್ನೇ ಮುಚ್ಚಿದ್ದವೆಂದು ಸಾರಿದ ಆತ ಆ ಹಿಮನದಿಯ ಮೇಲೆ ವರ್ಷಗಟ್ಟಲೆ ಅಲೆದಿದ್ದ. ಗ್ರೇ ಮತ್ತು ಅಗಾಸಿ ಇಬ್ಬರೂ ಹಾರ್ವರ್ಡಿನವರು. ಡಾರ್ವಿನ್ ವಿಷಯಕ್ಕೆ ಬದ್ಧ ಎದುರಾಳಿಗಳು. ಅಗಾಸಿ 1873ರಲ್ಲಿ ಸಾಯುವ ತನಕ ವಿಕಾಸವಾದ ಒಪ್ಪಲಿಲ್ಲ. ಅಷ್ಟೇ ಆಗಿದ್ದರೆ ವಿದ್ವಾಂಸರ ಜಗಳ ಎಂದು ಬಿಡಬಹುದಿತ್ತು. ಮನುಷ್ಯ ಜನಾಂಗಗಳೆಲ್ಲ ಬೇರೆ ಬೇರೆಯಾಗಿ ಸೃಷ್ಟಿಯಾದವು ಎಂದೂ ಆತ ವಾದಿಸಿದ. ಗುಲಾಮಗಿರಿಯ ಸಮರ್ಥಕರಿಗೆ ಬೇಕಾಗಿದ್ದದ್ದು ಅಂಥದೇ ಮಾತು.

ಅದೇ ನೆಲದಲ್ಲಿ ಹ್ಯಾರಿಯೆಟ್ ಜೇಕಬ್ಸ್ ಇದ್ದಾಳೆ. ಉತ್ತರ ಕೆರೊಲಿನಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಒಡೆಯನ ಕಾಟ ತಾಳದೆ ಓಡಿ, ಅಜ್ಜಿಯ ಮನೆಯ ಅಟ್ಟದಲ್ಲಿ, ಎದ್ದು ನಿಲ್ಲಲೂ ಆಗದ ಸಂದಿಯಲ್ಲಿ, ಸುಮಾರು ಏಳು ವರ್ಷ ಅಡಗಿದ್ದಳು. ಕೆಳಗೆ ತನ್ನ ಮಕ್ಕಳು ಆಡುವುದನ್ನು ಹಲಗೆಯ ತೂತಿನಿಂದ ನೋಡುತ್ತಿದ್ದಳು. ಆಮೇಲೆ ಉತ್ತರಕ್ಕೆ ತಪ್ಪಿಸಿಕೊಂಡು ಬಂದು, ನಥಾನಿಯಲ್ ವಿಲ್ಲಿಸ್ ಎಂಬ ಹೆಸರಾಂತ ಲೇಖಕನ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಆ ಮನೆಯೊಡತಿ 1852ರಲ್ಲಿ 300 ಡಾಲರ್ ತೆತ್ತು ಅವಳ ಬಿಡುಗಡೆ ಕೊಂಡಳು. 1861ರಲ್ಲಿ ಜೇಕಬ್ಸ್ ತನ್ನ ಬದುಕನ್ನು ಪುಸ್ತಕ ಮಾಡಿ ಪ್ರಕಟಿಸಿದಳು. ಬೇರೆ ಹೆಸರಿನಲ್ಲಿ ಬಂದ ಆ ಪುಸ್ತಕವನ್ನು ಬಹುಕಾಲ ಬಿಳಿಯರೊಬ್ಬರು ಕಟ್ಟಿದ ಕಾದಂಬರಿ ಎಂದೇ ವಿದ್ವಾಂಸರು ತಿಳಿದಿದ್ದರು.

“ವಿಲ್ಲಿಸ್ ಎಲ್ಲಿದ್ದಾನೆ?”

“ಅವನ ಸಮಾಧಿಯೂ ಇದೇ ಸ್ಮಶಾನದಲ್ಲಿದೆ.”

ಅತ್ತೆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತರು. “ಈಗ ಅವನ ಪುಸ್ತಕ ಯಾರು ಓದ್ತಾರೆ?”

“ಯಾರೂ ಇಲ್ಲ. ಇವಳದು ಕಾಲೇಜುಗಳಲ್ಲಿ ಪಾಠ.”

ಕವಿ ಲಾಂಗ್‌ಫೆಲೋ ಸಮಾಧಿಯನ್ನು ಇಬ್ಬರೂ ನಡೆಯುತ್ತಲೇ ನೋಡಿದರು. 62 ಅಡಿ ಎತ್ತರದ ವಾಷಿಂಗ್ಟನ್ ಗೋಪುರವನ್ನು ಹತ್ತಲು ಅತ್ತೆಯ ಮೊಣಕಾಲು ಒಪ್ಪಲಿಲ್ಲ. ಚಾಪೆಲ್ ಎದುರಿನ ಗ್ರಾನೈಟ್ ಸ್ಫಿಂಕ್ಸ್ ಮಾತ್ರ ಅವರನ್ನು ತಡೆದು ನಿಲ್ಲಿಸಿತು. ಸಿಂಹದ ಮೈ, ಹೆಂಗಸಿನ ಮುಖ. ಅಂತರ್ಯುದ್ಧದಲ್ಲಿ ಒಕ್ಕೂಟ ಉಳಿದು ಗುಲಾಮಗಿರಿ ಅಳಿದದ್ದರ ನೆನಪಿಗೆ 1872ರಲ್ಲಿ ನಿಲ್ಲಿಸಿದ್ದು. ಖರ್ಚು ಬಿಗೆಲೋನದೇ, ಕೆತ್ತಿದವನು ಮಾರ್ಟಿನ್ ಮಿಲ್ಮೋರ್. ಆ ಹೊತ್ತಿಗೆ ಬಿಗೆಲೋಗೆ 85 ವರ್ಷ, ಕಣ್ಣು ಹೋಗಿತ್ತು. ಮಾಡಿಸಿದ ಮೂರ್ತಿಯನ್ನು ಕೈಯಿಂದ ತಡವಿ ನೋಡಿದನಂತೆ.

ಕಣಿವೆಯ ಕಡೆ ಇಳಿಯುವಾಗ ಬಿಸಿಲು ಕಡಿಮೆಯಾಯಿತು. 1831ರಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ಪ್ರತಿಷ್ಠಾಪನೆ ನಡೆದದ್ದು ಈ ತಗ್ಗಿನಲ್ಲೇ. ಭಾಷಣ ಮಾಡಿದ ಜೋಸೆಫ್ ಸ್ಟೋರಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶ. ಅದೇ ವರ್ಷ ಮೇ ತಿಂಗಳಲ್ಲಿ ಹತ್ತು ವರ್ಷದ ಮಗಳನ್ನು ಜ್ವರಕ್ಕೆ ಕಳೆದುಕೊಂಡಿದ್ದ. ಈಗ ತಗ್ಗಿನ ಸುತ್ತ ಅಲಂಕಾರದ ಗಿಡಗಳನ್ನು ತೆಗೆದು ಈ ನಾಡಿನದೇ ಜರೀಗಿಡ, ಪೊದೆ, ಮರಗಳನ್ನು ಹಾಕಿದ್ದಾರೆ. ನಡುವೆ ಪುಟ್ಟ ಕೊಳ. ಅಳಿಯ ಬಗ್ಗಿ, ನೀರಿನಲ್ಲಿ ಮುಳುಗಿದ ರೆಂಬೆಯೊಂದನ್ನು ತೋರಿಸಿದ. ಅದಕ್ಕೆ ಮುಷ್ಟಿಗಾತ್ರದ ಲೋಳೆಯ ಉಂಡೆ ಅಂಟಿಕೊಂಡಿತ್ತು, ಒಳಗೆ ಕಾಳುಕಾಳಾಗಿ ಮೊಟ್ಟೆ. ಮಚ್ಚೆಗಳ ಸಾಲಮಾಂಡರ್ ಇಟ್ಟದ್ದು. ವರ್ಷವೆಲ್ಲ ನೆಲದಡಿ ಅವಿತಿರುವ ಪ್ರಾಣಿ, ಚಳಿ ಮುಗಿದು ಮೊದಲ ಬೆಚ್ಚನೆ ಮಳೆ ಬಿದ್ದ ರಾತ್ರಿ ಕೊಳಕ್ಕೆ ಬರುತ್ತದೆ.

ಮೊಣಕಾಲು ನೋವು ಮರೆತು ಅತ್ತೆ ಕುಕ್ಕರುಗಾಲಲ್ಲಿ ಕೂತರು. “ಹಸಿರು ಬಣ್ಣ ಇದೆಯಲ್ಲೋ! ಇದರೊಳಗೆ ಪಾಚಿ ಬೆಳೆಯುತ್ತೆ ಅಂತ ಓದಿದ್ದೆ. ಪಾಚಿ ಮರಿಗೆ ಆಮ್ಲಜನಕ ಕೊಡುತ್ತೆ, ಮರಿಯ ಕೊಳೆ ಪಾಚಿಗೆ ಗೊಬ್ಬರ. ಆ ಪಾಚಿ ಮರಿಯ ಜೀವಕೋಶದೊಳಕ್ಕೇ ನುಗ್ಗಿ ಕೂರುತ್ತೆ. ಬೆನ್ನೆಲುಬಿರೋ ಪ್ರಾಣಿಯಲ್ಲಿ ಇಂಥದ್ದು ಕಂಡಿದ್ದು ಇದರಲ್ಲೇ ಮೊದಲು. ಮೂವತ್ತು ವರ್ಷ ಪಾಚಿ ಪಾಠ ಮಾಡಿದೆ, ನೋಡಿದ್ದು ಸ್ಮಶಾನದಲ್ಲಿ!”

ಬೆಂಚಿನ ಮೇಲೆ ಕೂತಾಗ ಮಾತು ಮತ್ತೆ ದುಡ್ಡಿಗೆ ಬಂತು. ಅತ್ತೆಗೆ ಒಂದು ಅನುಮಾನ ಉಳಿದಿತ್ತು.

“ತೋಟಗಾರಿಕೆ ಸಂಘದ ಪ್ರಯೋಗದ ತೋಟ ಎಲ್ಲಿ? ನೀನು ತೋರಿಸಲೇ ಇಲ್ಲ.”

“ಅದು ಉಳೀಲಿಲ್ಲ ಅತ್ತೆ. ನಾಲ್ಕೇ ವರ್ಷಕ್ಕೆ ಇಬ್ಬರಿಗೂ ಹೊಂದಾಣಿಕೆ ಆಗದೆ 1835ರಲ್ಲಿ ಬೇರೆಯಾದ್ರು. ಸ್ಮಶಾನದವರು ತಮ್ಮದೇ ಸಂಸ್ಥೆ ಮಾಡ್ಕೊಂಡ್ರು. ಜಾಗ ಮಾರಿದ ಹಣದಲ್ಲಿ ಕಾಲು ಭಾಗ ಸಂಘಕ್ಕೆ ಅಂತ ಒಪ್ಪಂದ ಆಯ್ತು.”

“ಅಂದ್ರೆ ಸಸಿ ಮಾಡಿ ಬದುಕ್ತೀವಿ ಅಂದೋರಿಗೆ ಸಮಾಧಿ ದುಡ್ಡು ಅನ್ನ ಹಾಕ್ತು.”

ಅತ್ತೆ ಹಿಡಿದ ಎಳೆಯೇ ಈ ಜಾಗದ ಗುಟ್ಟು. ನೋಡಲು ಬಂದವರು ಪ್ರಶಾಂತತೆ, ಸೌಂದರ್ಯ ಎಂದು ಹೊಗಳಿ ಹೋಗುತ್ತಾರೆ. ಎರಡು ಶತಮಾನ ಹತ್ತಿರವಾದರೂ ಇಲ್ಲಿನ ಮರಗಳು ಉಳಿದದ್ದು ಆ ಹೊಗಳಿಕೆಯಿಂದಲ್ಲ. ಕಾಯ್ದೆ ಈ ನೆಲವನ್ನು ಸ್ಮಶಾನವೆಂದು ಕಟ್ಟಿಹಾಕಿದೆ, ಯಾರೂ ಇದನ್ನು ಲೇಔಟ್ ಮಾಡಿ ಮಾರುವಂತಿಲ್ಲ. ಜಾಗ ಕೊಂಡವರ ಹಣದ ಒಂದು ಪಾಲು ಶಾಶ್ವತ ನಿರ್ವಹಣೆಯ ನಿಧಿಗೆ ಹೋಗುತ್ತದೆ, ಅದರ ಆದಾಯದಿಂದ ಮಾಲಿಗಳಿಗೆ ಸಂಬಳ. 1938ರ ಚಂಡಮಾರುತ ಇಲ್ಲಿ ಸಾಲುಸಾಲು ಮರ ಉರುಳಿಸಿತು. ಆಮೇಲೆ ಎಲ್ಮ್ ಮರಗಳಿಗೆ ಶಿಲೀಂಧ್ರ ರೋಗ ಬಿತ್ತು. ಈಗ ಬೀಚ್ ಮರಗಳ ಎಲೆಗೆ ಕಣ್ಣಿಗೆ ಕಾಣದ ದುಂಡುಹುಳದ ಕಾಟ ಮ್ಯಾಸಚೂಸೆಟ್ಸ್‌ಗೆಲ್ಲ ಹಬ್ಬುತ್ತಿದೆ. ಪ್ರತಿ ಸಲವೂ ಮತ್ತೆ ನೆಟ್ಟದ್ದು ಸಂಬಳ ತೆಗೆದುಕೊಳ್ಳುವ ಕೈಗಳು. ನಮ್ಮಲ್ಲಿ ಕೆರೆಗೂ ತೋಪಿಗೂ ಅಂಥ ನಿಧಿಯಿಲ್ಲ. ಊರ ಗೋಮಾಳ ಎಲ್ಲಿ ಹೋಯಿತೆಂದು ಶಿವಮೊಗ್ಗದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕೇಳಬೇಕಾಗಿಯೂ ಇಲ್ಲ.

“ಈಗಲೂ ಹೂಳ್ತಾರಾ ಇಲ್ಲಿ?”

“ಹೂಳ್ತಾರೆ. ಇದುವರೆಗೆ ಒಂದು ಲಕ್ಷದ ಹತ್ತಿರ ಆಗಿದೆ. 1900ರಿಂದ ದಹನದ ವ್ಯವಸ್ಥೆಯೂ ಇದೆ.”

“ನಮ್ಮ ಪದ್ಧತಿಗೂ ಅನುಕೂಲ ಅನ್ನು! ಬೇಡಪ್ಪ, ನನಗೆ ತುಂಗೆ ಸಾಕು. ಆ ಟ್ಯುಲಿಪ್ ಮರದ ಬೀಜ ಸಿಗುತ್ತಾ?”

ಬೀಜ ಸಿಗಲಾರದು. ಇಲ್ಲಿ ಗಿಡದಿಂದ ಏನನ್ನೂ ಕೀಳುವಂತಿಲ್ಲ, ನಾಯಿ ತರುವಂತಿಲ್ಲ, ಬುತ್ತಿ ಬಿಚ್ಚುವಂತಿಲ್ಲ, ಓಡುವಂತೆಯೂ ಇಲ್ಲ. ಮಕ್ಕಳ ಮನೆಗೆಂದು ಬಾಸ್ಟನ್ ಕಡೆಗೆ ಹೋಗುವ ಅಪ್ಪ ಅಮ್ಮಂದಿರು ಹಾರ್ವರ್ಡ್ ಅಂಗಳದಲ್ಲಿ ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಅಲ್ಲೇ ಹಾರ್ವರ್ಡ್ ಸ್ಕ್ವೇರ್‌ನಲ್ಲಿ 71 ಅಥವಾ 73ನೇ ನಂಬರಿನ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಮೌಂಟ್ ಆಬರ್ನ್ ಬರುತ್ತದೆ. ಪ್ರವೇಶ ಉಚಿತ. ಹೋಗುವುದಾದರೆ ಮೇ ತಿಂಗಳ ಮೊದಲೆರಡು ವಾರ, ಬೆಳಗ್ಗೆ ಬೇಗ ಹೋಗಿ. ಡಾಗ್‌ವುಡ್ ಹೂವೂ ವಾರ್ಬ್ಲರ್ ಹಕ್ಕಿಯೂ ಒಟ್ಟಿಗೆ ಸಿಗುವುದು ಆಗ.